ಹಳೆ ಬಳ್ಳಿಯ ಇಸವಿ ಬರೆದಿಡೋಣ

ದಕ್ಷಿಣ ಆಫ್ರಿಕಾದ ಕೆಲವು ವೈನ್ ಬಾಟಲಿಗಳ ಮೇಲೆ ಬಳ್ಳಿ ನೆಟ್ಟ ಇಸವಿಯ ಮುದ್ರೆ ಇರುತ್ತದೆ. 35 ವರ್ಷ ದಾಟಿದ ದ್ರಾಕ್ಷಿತೋಟಕ್ಕೆ ಮಾತ್ರ ಅದು ಸಿಗುತ್ತದೆ. ರೋಸಾ ಕ್ರೂಗರ್ ಎಂಬ ಹೆಣ್ಣುಮಗಳು ಊರೂರು ಸುತ್ತಿ ಹಳೆ ತೋಟಗಳ ಪಟ್ಟಿ ಮಾಡಿದ್ದರಿಂದ ಶುರುವಾದ ಕೆಲಸ. ಆ ತೋಟಗಳಲ್ಲಿ ದೊಡ್ಡ ಪಾಲು ಶೆನಿನ್ ಬ್ಲಾಂ ಎಂಬ ಬಿಳಿ ದ್ರಾಕ್ಷಿಯದು. ಅದರ ರಸವನ್ನು ಕೆಲವರು ಓಕ್ ಮರದ ಪೀಪಾಯಿಗೆ ಹಾಕುವುದೇ ಇಲ್ಲ, ಉಕ್ಕಿನ ತೊಟ್ಟಿಯಲ್ಲೇ ಹುಳಿಸುತ್ತಾರೆ. ಮರದ ಪರಿಮಳ ಸೇರದ್ದರಿಂದ ಹಣ್ಣಿನಲ್ಲಿ ಇದ್ದದ್ದು ಇದ್ದಂತೆ ನಾಲಿಗೆಗೆ ಬರುತ್ತದೆ.

ಶಿರಸಿ ಬಳಿಯ ಹುಲೇಕಲ್ಲಿನ ನಮ್ಮ ಮನೆಯಲ್ಲಿ ವೈನ್ ಕುಡಿಯುವವರಿಲ್ಲ. ಆದರೆ ಕಾಳುಮೆಣಸಿನ ಮುದಿ ಬಳ್ಳಿಯ ಲೆಕ್ಕ ನನಗೆ ಗೊತ್ತು. ವಯಸ್ಸಾದಂತೆ ಫಸಲು ಇಳಿಯುತ್ತದೆ, ಆಳಿನ ಖರ್ಚು ಇಳಿಯುವುದಿಲ್ಲ. ಅಲ್ಲಿನ ರೈತರೂ ಇದೇ ಕಾರಣಕ್ಕೆ ಹಳೆ ತೋಟ ಕಿತ್ತರು. ಕೀಳದೆ ಉಳಿಸಿಕೊಂಡವರಿಗೆ ಆ ಮುದ್ರೆ ಆಸರೆಯಾಯಿತು.

ನಮ್ಮ ಅಡಿಕೆ ಮರಗಳಿಗೆ ಹಬ್ಬಿದ ಮಲ್ಲಿಗೆಸರ ಮೆಣಸು ಮಾವನವರು ನೆಟ್ಟದ್ದು. ಮಲ್ಲಿಗೆಸರ ನಮ್ಮ ಜಿಲ್ಲೆಯದೇ ತಳಿ. 1971ರಲ್ಲಿ ಕೇರಳದ ಪನ್ನಿಯೂರು-1 ಬಿಡುಗಡೆಯಾದ ಮೇಲೆ ಇಳುವರಿಯ ಆಸೆಗೆ ಎಷ್ಟೋ ತೋಟಗಳಲ್ಲಿ ಹಳೆ ತಳಿ ಹಿಂದೆ ಸರಿಯಿತು. ಉಳಿದದ್ದರಲ್ಲಿ ಬಹಳಷ್ಟನ್ನು ಸೊರಗು ರೋಗ ತಿಂದಿತು. ಆ ರೋಗಕ್ಕೆ ನಾವು ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ಮದ್ದು, ಅದೇ ಮೈಲುತುತ್ತ ಮತ್ತು ಸುಣ್ಣ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹುಟ್ಟಿದ್ದು. 1885ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಅದನ್ನು ಲೋಕಕ್ಕೆ ತಿಳಿಸಿದ. ದ್ರಾಕ್ಷಿಯವರಿಂದ ಮದ್ದು ಕಲಿತ ನಾವು ಹಳೆ ಬಳ್ಳಿಗೆ ಬೆಲೆ ಕಟ್ಟುವುದನ್ನೂ ಕಲಿಯಬೇಕು ಎನ್ನುವುದೇ ನನ್ನ ಮಾತು.

ಬೋಳುಕಾಳನ್ನೇ, ಅಂದರೆ ಬಿಳಿ ಮೆಣಸನ್ನೇ ನೋಡಿ. ಬಳ್ಳಿಯಲ್ಲೇ ಕೆಂಪಗೆ ಹಣ್ಣಾಗುವವರೆಗೆ ಕಾಯಬೇಕು, ಅಷ್ಟರಲ್ಲಿ ಹಕ್ಕಿಗಳು ತಮ್ಮ ಪಾಲು ಒಯ್ದಿರುತ್ತವೆ. ಕೊಯ್ದು, ವಾರ ನೀರಲ್ಲಿ ನೆನೆಹಾಕಿ, ಸಿಪ್ಪೆ ತಿಕ್ಕಿ ತೊಳೆದು ಒಣಗಿಸಬೇಕು. ನೀರು ಬದಲಿಸದಿದ್ದರೆ ನಾತ ಹಿಡಿಯುತ್ತದೆ. ಓಕ್ ತಾಗದ ಆ ಬಿಳಿ ವೈನಿಗೂ ಸಿಪ್ಪೆ ಬಿಟ್ಟು ರಸವನ್ನಷ್ಟೇ ಹುಳಿಸುತ್ತಾರೆ. ಎರಡರಲ್ಲೂ ಒಳಗಿನದನ್ನು ಮುಚ್ಚಿಡಲು ಏನೂ ಉಳಿಯುವುದಿಲ್ಲ. ಇಷ್ಟು ಮಾಡಿ ಪೇಟೆಗೆ ಒಯ್ದರೆ ಕಾಳಿನ ತೂಕ, ತೇವ, ಬಣ್ಣ ಕೇಳುತ್ತಾರೆ. ಯಾವ ಬಳ್ಳಿ, ಎಷ್ಟು ವರ್ಷದ್ದು ಎಂದು ಯಾರೂ ಕೇಳುವುದಿಲ್ಲ. ಕೇಳದ ಗುಣವನ್ನು ರೈತ ಎಷ್ಟು ದಿನ ಕಾದಿಟ್ಟಾನು?

ಹಳೆ ಬಳ್ಳಿಯ ಕಾಳು ರುಚಿಯಲ್ಲಿ ಯಾವಾಗಲೂ ಮೇಲು ಎಂದು ನಾನು ವಾದಿಸುತ್ತಿಲ್ಲ. ರುಚಿ ನೋಡಿ ಹೇಳುವವರು ಹೇಳಲಿ. ಆದರೆ ಅಷ್ಟು ಮಳೆಗಾಲ ಸೊರಗದೆ ನಿಂತ ಬಳ್ಳಿ ಎಲ್ಲಿದೆ ಎಂಬುದಾದರೂ ದಾಖಲಾಗಬೇಕು. ನಾಳೆ ಸಸಿ ಮಾಡಲು ಹಬ್ಬುಬಳ್ಳಿ ಬೇಕಾದಾಗ ಎಲ್ಲಿಗೆ ಹೋಗುತ್ತೀರಿ?

ಶಿರಸಿ ಸುಪಾರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಊರಿನ ಹೆಸರಿಗೆ ಮುದ್ರೆ ಬಿದ್ದ ಮೇಲೆ ಬಳ್ಳಿಯ ವಯಸ್ಸಿಗೂ ಬೀಳಬಹುದು. ತೋಟಗಾರಿಕೆ ಇಲಾಖೆಯವರು ಹುಲೇಕಲ್, ಸೋಂದಾ, ವಾನಳ್ಳಿ ಕಡೆಯಿಂದಲೇ ಪಟ್ಟಿ ಶುರುಮಾಡಲಿ. ಎಷ್ಟೋ ಮನೆಗಳ ಹಳೆ ಲೆಕ್ಕದ ಪುಸ್ತಕದಲ್ಲಿ ಬಳ್ಳಿ ಹಚ್ಚಿದ ವರ್ಷ ಇದೆ. ಶಿರಸಿಯ ಸಹಕಾರಿ ಸಂಘಗಳು ಆ ಕಾಳನ್ನು ಬೇರೆ ರಾಶಿಯಾಗಿ, ಇಸವಿ ಬರೆದು ಟೆಂಡರಿಗೆ ಇಡಲಿ.