ಆಟ ಆಡಲು ಬಾರದ ಲ್ಯಾಪ್‌ಟಾಪ್

ಪಿಯುಸಿ ಫಲಿತಾಂಶ ಬಂದಿತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ ನಾನು ಪಾಠ ಹೇಳಿದ ಊರುಗಳಲ್ಲೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳೀಗ ಕಾಲೇಜು ಸೇರುವ ಮಕ್ಕಳ ತಂದೆತಾಯಿಗಳು. ಅವರು ಕೇಳುವುದು ಒಂದೇ ಮಾತು: “ಸರ್, ಮಗನಿಗೆ ಒಂದು ಲ್ಯಾಪ್‌ಟಾಪ್ ಕೊಡಿಸಬೇಕ್ರಿ. ಕಡಿಮಿ ರೇಟಿಂದು. ಗೇಮ್ ಆಡಾಕ ಬರಬಾರ್ದು, ಅಂಥಾದ್ದು ಹೇಳ್ರಿ.” (ಮಗಳಿಗೆ ಕೊಡಿಸುವವರು ಈ ಷರತ್ತು ಹಾಕುವುದಿಲ್ಲ. ಆಕೆಗೂ ಆಟದ ಆಸೆ ಇದ್ದೀತೆಂದು ಯಾರಿಗೂ ಹೊಳೆದೇ ಇಲ್ಲ!)

ಈ ಷರತ್ತು ಶುದ್ಧ ಅವಿವೇಕವೆಂದು ಈಗ ಬಹಿರಂಗವಾಗಿಯೇ ಹೇಳುತ್ತಿದ್ದೇನೆ. ಹೇಳುವ ಅಧಿಕಾರ ನನಗೆ ಬಂದದ್ದು ನಾನೇ ಮಾಡಿದ ತಪ್ಪಿನಿಂದ.

2022ರಲ್ಲಿ ಹರಪನಹಳ್ಳಿ ಸೀಮೆಯಲ್ಲಿರುವ ನನ್ನ ತಂಗಿ, ಮೆಕ್ಕೆಜೋಳ ಮಾರಿದ ದುಡ್ಡನ್ನು ಕೈಯಲ್ಲಿ ಹಿಡಿದುಕೊಂಡು, “ಅಣ್ಣಾ, ನೀನ ಆರಿಸಿಕೊಡು” ಎಂದಳು. ಅಳಿಯ ಇಂಜಿನಿಯರಿಂಗ್ ಸೇರಿದ್ದ. ಹುಡುಗನಿಗೆ ಆಟದ ಹುಚ್ಚೆಂದು ಮನೆಯವರ ದೂರು. ನಾನು ಅಂಗಡಿಗೆ ಹೋಗಿ ಅತ್ಯಂತ ಕೆಳದರ್ಜೆಯ ಪ್ರೊಸೆಸರಿನ, 4 ಜಿಬಿ ಮೆಮೊರಿಯ ತೆಳ್ಳನೆಯದೊಂದನ್ನು ಆರಿಸಿದೆ. ಆಟವೂ ತಪ್ಪಿತು, ದುಡ್ಡೂ ಉಳಿಯಿತು ಎಂದು ಒಳಗೊಳಗೇ ಬೀಗಿದ್ದೆ. ಎರಡನೆಯ ವರ್ಷ ನಕ್ಷೆ ಬರೆಯುವ ತಂತ್ರಾಂಶ ಅದರಲ್ಲಿ ತೆರೆದುಕೊಳ್ಳಲೇ ಇಲ್ಲ. ಮೆಮೊರಿ ಹೆಚ್ಚಿಸೋಣವೆಂದರೆ ಅದನ್ನು ಬೋರ್ಡಿಗೇ ಬೆಸೆದುಬಿಟ್ಟಿದ್ದರು. ಹುಡುಗ ಹಾಸ್ಟೆಲಿನಲ್ಲಿ ಗೆಳೆಯ ಮಲಗುವವರೆಗೆ ಕಾದು, ಅವನ ಯಂತ್ರದಲ್ಲಿ ತನ್ನ ಕೆಲಸ ಮುಗಿಸುತ್ತಿದ್ದನಂತೆ. ವಿಷಯ ತಿಳಿದು ನಾನು ಗದರಿದಾಗ ಅವನು ತಣ್ಣಗೆ ಅಂದದ್ದು ಇಷ್ಟೇ: “ಮಾಮಾ, ಗೇಮ್ ಫೋನ್‌ನ್ಯಾಗ ಆಡ್ತೀನಿ. ಡ್ರಾಯಿಂಗ್ ಎಲ್ಲಿ ಮಾಡ್ಲಿ?”

ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಕುಳಿತು ಕಲಿತೆ. ಕಲಿತದ್ದರಲ್ಲಿ ಮುಖ್ಯವಾದುದು ಇದು: ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಚಿತ್ರ ಮೂಡಿಸುವ ಭಾಗಕ್ಕೆ ಸ್ವಂತ ಮೆಮೊರಿ ಇರುವುದಿಲ್ಲ. ಅದು ಯಂತ್ರದ ಮೆಮೊರಿಯನ್ನೇ ಕಡ ತೆಗೆದುಕೊಳ್ಳುತ್ತದೆ. ಒಂದೇ ಪಟ್ಟಿ ಇದ್ದರೆ ದಾರಿ ಇಕ್ಕಟ್ಟು, ಎರಡು ಇದ್ದರೆ ದಾರಿ ಅಗಲ. ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಮೆಮೊರಿಗೆ ಖಾಲಿ ಸ್ಲಾಟ್ ಇದೆಯೇ ಎಂದು. ಇದ್ದರೆ 8 ಜಿಬಿಯಿಂದ ಆರಂಭಿಸಬಹುದು, ಇಲ್ಲದಿದ್ದರೆ 16 ಇರುವುದನ್ನೇ ಕೊಳ್ಳಿ. 2025ರ ಕೊನೆಯಿಂದ ಮೆಮೊರಿ ಬೆಲೆ ಏರಿರುವುದರಿಂದ ‘ಆಮೇಲೆ ಹಾಕಿಸಿದರಾಯಿತು’ ಎಂಬ ಲೆಕ್ಕವೂ ಮೊದಲಿನಷ್ಟು ಅಗ್ಗವಲ್ಲ. 512 ಜಿಬಿ ಎಸ್ಎಸ್‌ಡಿ ಇರಲಿ. ಮನೆಗೇ ಬಂದು ದುರಸ್ತಿ ಮಾಡುವ ವಾರಂಟಿ ನಮ್ಮ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಎಂದೂ ಕೇಳಿ. ಇಲ್ಲದಿದ್ದರೆ ಪ್ರತಿ ಬಾರಿಯೂ ಹೊಸಪೇಟೆಗೋ ದಾವಣಗೆರೆಗೋ ಬಸ್ಸು ಹಿಡಿಯಬೇಕು.

ಹಾಗೆಂದು ‘ಗೇಮಿಂಗ್’ ಎಂಬ ಚೀಟಿ ಅಂಟಿಸಿದ್ದಕ್ಕೆಲ್ಲ ಸಾಲ ಮಾಡಿ ಎಂದು ನಾನು ಹೇಳುತ್ತಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಇರುವವು ಭಾರ, ಕಾವು ಹೆಚ್ಚು, ಬ್ಯಾಟರಿ ಬೇಗ ಇಳಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅಂಥದ್ದನ್ನು ಕೌದಿಯ ಮೇಲಿಟ್ಟು ಆಡಿದರೆ ಏನಾದೀತು! ಆದ್ದರಿಂದ ಮಗನನ್ನೇ ಕೇಳಿ, ಯಾವ ಆಟ ಆಡುತ್ತೀಯಪ್ಪಾ ಎಂದು. ವ್ಯಾಲೊರಂಟ್ ಎಂದರೆ ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದೆಯೂ ನಡೆದೀತು. ಸೈಬರ್‌ಪಂಕ್ 2077 ಎಂದರೆ, ನಮ್ಮ ಕೈಯಲ್ಲಿ ಅಷ್ಟು ಹಣವಿಲ್ಲವೆಂದು ನೇರವಾಗಿ ಹೇಳಿ. ಹುಡುಗರಿಗೆ ಅರ್ಥವಾಗುತ್ತದೆ. ಕೇಳದೆಯೇ ತೀರ್ಮಾನಿಸಿದರೆ ಅರ್ಥವಾಗುವುದಿಲ್ಲ.

“ಆಟದಿಂದ ಮನೆ ಹಾಳಾದವರಿಲ್ಲವೇ ಸರ್?” ಎಂದು ಕೊಟ್ಟೂರಿನ ಶಿಷ್ಯನೊಬ್ಬ ವಾದಿಸಿದ. ಇದ್ದಾರೆ. ಆದರೆ ಅವರಲ್ಲಿ ಅನೇಕರು ಹಾಳಾದದ್ದು ಹಣ ಕಟ್ಟಿ ಆಡಿದ ಜೂಜಿನಿಂದ. ಅದಕ್ಕೆ ಲ್ಯಾಪ್‌ಟಾಪ್ ಬೇಕಿಲ್ಲ, ಕಿಸೆಯಲ್ಲಿರುವ ಫೋನೇ ಸಾಕು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಹಣದಾಟವನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯಾಗಿಯೇ ಕಂಡಿದೆ. ಸಂಸತ್ತು ಕಂಡ ಭೇದ ನಮ್ಮ ಪಡಸಾಲೆಯಲ್ಲಿ ಕಾಣಬಾರದೇಕೆ? ನಿದ್ದೆಗೆಟ್ಟು ಆಡುವ ಹುಡುಗನ ಬಳಿ ಕುಳಿತು ಮಾತಾಡಬೇಕಾದವರು ನಾವು. ಆ ಕೆಲಸವನ್ನು 4 ಜಿಬಿಯ ಯಂತ್ರಕ್ಕೆ ವಹಿಸಿ ಕೈತೊಳೆದುಕೊಳ್ಳುವುದು ಸೋಮಾರಿತನ. ನಾನೂ ಒಂದು ಕಾಲಕ್ಕೆ ಹುಡುಗರ ಗೋಲಿಗಳನ್ನು ಕಿತ್ತುಕೊಂಡು ಮೇಜಿನ ಡ್ರಾಯರ್ ತುಂಬಿಸಿದವನೇ. ಅದರಿಂದ ಯಾರ ಗಣಿತವೂ ಸುಧಾರಿಸಿದ ನೆನಪಿಲ್ಲ.

ಅಳಿಯನಿಗೆ ಮೂರನೆಯ ವರ್ಷ ಬೇರೆ ಲ್ಯಾಪ್‌ಟಾಪ್ ಬಂತು. ಅರ್ಧ ಹಣ ನನ್ನ ಪಿಂಚಣಿಯದು, ಆಯ್ಕೆ ಪೂರ್ತಿ ಅವನದು. ಹಳೆಯದನ್ನು ನಾನಿಟ್ಟುಕೊಂಡೆ. ಇದನ್ನು ಟೈಪ್ ಮಾಡುತ್ತಿರುವುದು ಅದರಲ್ಲಿಯೇ. ಈ ಬೆಳಿಗ್ಗೆಯಿಂದ ಎರಡು ಸಲ ನಿಂತುಹೋಯಿತು.