ರಕ್ಷಿಸಲು ಹೋದವರೂ ಮರಳಿ ಬರಬೇಕು

ಕಾಸರಗೋಡಿನ ಗುಡ್ಡಗಳ ಹೊಟ್ಟೆಯೊಳಗೆ ಸುರಂಗಗಳು ಬೇಕಾದಷ್ಟಿವೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒರತೆಯ ನೀರನ್ನು ಪಂಪಿನ ಹಂಗಿಲ್ಲದೆ ಅಡಿಕೆ ತೋಟಕ್ಕಿಳಿಸಿದ ಹಿರಿಯರ ಜಾಣ್ಮೆ ಅದು. ಬಾಯಾರು, ಎಣ್ಮಕಜೆ, ಬದಿಯಡ್ಕ ಕಡೆಯ ಎಷ್ಟೋ ಮನೆಗಳು ಇಂದಿಗೂ ಆ ನೀರನ್ನೇ ಕುಡಿಯುತ್ತಿವೆ. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟವಾಗಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಗಡಿನಾಡೆಲ್ಲ ಹೆಮ್ಮೆಪಟ್ಟಿತು.

ಆದರೆ ಆ ಕತ್ತಲೆಯ ಇನ್ನೊಂದು ಮುಖದ ಬಗ್ಗೆ ಮಾತು ಕಡಿಮೆ. 2019ರ ನವೆಂಬರ್ ಕೊನೆಯಲ್ಲಿ ಧರ್ಮತ್ತಡ್ಕ ಸಮೀಪ ಮುಳ್ಳುಹಂದಿಯನ್ನು ಹುಡುಕಿಕೊಂಡು ಮಾಟೆಯೊಳಗೆ ನುಗ್ಗಿದ ವ್ಯಕ್ತಿಯೊಬ್ಬರು ಅಲ್ಲೇ ಸಿಕ್ಕಿಹಾಕಿಕೊಂಡರು. ಜೀವ ಉಳಿಯಲಿಲ್ಲ. ಮುಳ್ಳುಹಂದಿ ಬೇಟೆ ಕಾನೂನಿನಂತೆ ಅಪರಾಧ, ಆ ಮಾತು ಬೇರೆ. ಆದರೆ ಬೇಟೆಗೆ ಹೋದವನಾಗಲಿ, ಬಾವಿಯ ಕೆಸರು ತೆಗೆಯಲು ಇಳಿದವನಾಗಲಿ, ಸುರಂಗದ ಮಣ್ಣು ಸರಿಸಲು ಹೋದವನಾಗಲಿ, ನೆಲದಡಿಯಲ್ಲಿ ಎದುರಾಗುವ ಅಪಾಯ ಒಂದೇ. ಕೇಸಾದೀತು ಎಂಬ ಹೆದರಿಕೆಯಿಂದ ಸುದ್ದಿ ಮುಚ್ಚಿಟ್ಟು ಗಂಟೆಗಟ್ಟಲೆ ತಡಮಾಡಿದರೆ ಕಳೆದುಹೋಗುವುದು ಒಂದು ಪ್ರಾಣ.

ಇದಕ್ಕಿಂತ ದೊಡ್ಡ ದುರಂತ ಮತ್ತೊಂದಿದೆ. ಒಬ್ಬ ಇಳಿದ, ಮೇಲೆ ಬರಲಿಲ್ಲ. "ಎಂತಾಯಿತು ನೋಡಿ ಬರ್ತೇನೆ" ಎಂದು ಇನ್ನೊಬ್ಬ ಇಳಿದ, ಅವನೂ ಬರಲಿಲ್ಲ. ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ರಕ್ಷಿಸಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಅಣ್ಣನ ಹಿಂದೆ ತಮ್ಮ, ಅಪ್ಪನ ಹಿಂದೆ ಮಗ ಇಳಿದುಬಿಡುವ ಹಳ್ಳಿಗಳಲ್ಲಿ ಈ ಮಾತನ್ನು ಮನೆಮನೆಗೆ ಮುಟ್ಟಿಸಬೇಕಾಗಿದೆ.

ಕಾರಣ ಸರಳ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21ರಷ್ಟು ಇರುತ್ತದೆ. ಗಾಳಿಯಾಡದ ಬಾವಿ, ಸುರಂಗ, ಮಾಟೆಗಳಲ್ಲಿ ಅದು ಕುಗ್ಗಿ, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂಡಿಕೊಳ್ಳುತ್ತದೆ. ಆಮ್ಲಜನಕ ನೂರಕ್ಕೆ 10ಕ್ಕಿಂತ ಕೆಳಗಿಳಿದರೆ ಕೂಗಿ ಕರೆಯಲೂ ಸಮಯ ಸಿಗದೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಸುರಂಗ ಕೊರೆಯುವವರು ಮೊಂಬತ್ತಿ ಉರಿಸಿಕೊಂಡು ಒಳಹೋಗುತ್ತಿದ್ದುದು ಇದಕ್ಕಾಗಿಯೇ. ದೀಪ ಸಣ್ಣದಾದರೆ ಹಿಂದೆ ಬಾ ಎಂಬುದು ಅವರ ನಿಯಮ.

ಆ ಹಳೆಯ ನಿಯಮ ಈಗ ಸಾಲದು. ಬಾವಿಯೊಳಗೆ ಡೀಸೆಲ್ ಅಥವಾ ಸೀಮೆಎಣ್ಣೆ ಪಂಪು ಇಳಿಸಿ ಓಡಿಸಿದರೆ ಇಂಗಾಲದ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೊಂಬತ್ತಿಗೂ ಅದು ಗೊತ್ತಾಗುವುದಿಲ್ಲ. ದೀಪ ಚೆನ್ನಾಗಿ ಉರಿಯುತ್ತಿದ್ದರೂ ಇಳಿದವನು ಸಾಯಬಹುದು. ಅಂಥ ಪಂಪನ್ನು ಒಳಗೆ ಇಳಿಸಲೇಬಾರದು. ಅನಿಲ ಅಳೆಯುವ ಉಪಕರಣ ಊರಿಗೊಂದಾದರೂ ಇರಬೇಕು.

ಒಬ್ಬ ಒಳಗೆ ಬಿದ್ದಿದ್ದಾನೆ ಎಂದಾಗ ಊರವರು ಮಾಡಬೇಕಾದ್ದು ಏನು? ಮೊದಲನೆಯದು, ಇಳಿಯದಿರುವುದು. ಎರಡನೆಯದು, ಕೂಡಲೇ ಅಗ್ನಿಶಾಮಕ ದಳದ 101ಕ್ಕೋ ತುರ್ತು ಸೇವೆಯ 112ಕ್ಕೋ ಫೋನು ಮಾಡುವುದು, 108ರ ಆಂಬುಲೆನ್ಸ್ ಕರೆಸುವುದು. ಗಡಿಯಲ್ಲಿ ಮೊಬೈಲ್ ಕರೆ ಒಮ್ಮೊಮ್ಮೆ ಆಚೆ ರಾಜ್ಯದ ಟವರಿಗೆ ಹೋಗುವುದುಂಟು. ಆದ್ದರಿಂದ ಜಿಲ್ಲೆ, ಪಂಚಾಯತು, ಜಾಗದ ಹೆಸರನ್ನು ಮೊದಲೇ ಹೇಳಬೇಕು. ಉಪ್ಪಳ, ಕಾಸರಗೋಡು ಠಾಣೆಗಳ ನೇರ ನಂಬರು ಮನೆಯ ಗೋಡೆಯಲ್ಲಿ ಬರೆದಿಟ್ಟಿರಬೇಕು. ಮೂರನೆಯದು, ಹೊರಗಿನಿಂದಲೇ ಬ್ಲೋವರ್ ಅಥವಾ ಫ್ಯಾನಿನಿಂದ ಒಳಗೆ ಗಾಳಿ ಹಾಯಿಸುವುದು. ಮಣ್ಣು ಕುಸಿದಿದ್ದರೆ ಬಾಯಿಯ ಸುತ್ತ ಜನ ಗುಂಪು ಕಟ್ಟಬಾರದು, ಯೋಚಿಸದೆ ಜೆಸಿಬಿ ತರಬಾರದು. ಅದರ ಅದುರಿಕೆಗೇ ಉಳಿದ ಮಣ್ಣು ಬಿದ್ದೀತು. ಮುರಕಲ್ಲಿನ ಅಡಿಯಲ್ಲಿ ಮೆತ್ತಗಿನ ಶೇಡಿ ಮಣ್ಣಿರುವ ಕಡೆ, ಮಳೆಗಾಲದಲ್ಲಂತೂ ಈ ಅಪಾಯ ಹೆಚ್ಚು.

ಹೊರತಂದ ಮೇಲಿನ ಕೆಲವು ನಿಮಿಷಗಳೂ ಬಹಳ ಮುಖ್ಯ. ಮಣ್ಣಿನಡಿ ಸಿಕ್ಕವನ ಮುಖ ಮತ್ತು ಎದೆಯ ಮೇಲಿನ ಮಣ್ಣನ್ನು ಮೊದಲು ತೆಗೆಯಬೇಕು. ಉಸಿರಾಟವಿಲ್ಲದಿದ್ದರೆ ಎದೆಯ ನಡುವೆ ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. 30 ಬಾರಿ ಒತ್ತಿದ ಮೇಲೆ 2 ಬಾರಿ ಬಾಯಿಂದ ಉಸಿರು ಕೊಡಬೇಕು. ಉಸಿರುಗಟ್ಟಿದವನಿಗೆ ಈ ಉಸಿರೇ ಔಷಧಿ. ಎತ್ತರದಿಂದ ಬಿದ್ದವನ ಕುತ್ತಿಗೆ, ಬೆನ್ನನ್ನು ಅಲುಗಾಡಿಸಬಾರದು. ಕಾಲು ಕಲ್ಲಿನಡಿ ಬಹಳ ಹೊತ್ತು ಜಜ್ಜಿಹೋಗಿದ್ದರೆ ಎಷ್ಟು ಹೊತ್ತು ಸಿಕ್ಕಿಕೊಂಡಿದ್ದ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹೊಯ್ಯುವ ಪದ್ಧತಿ ನಿಲ್ಲಲೇಬೇಕು.

ಸ್ವಯಂಸೇವಕರು ಮನಸ್ಸು ಮಾಡಿದರೆ ಏನು ಸಾಧ್ಯ ಎಂಬುದಕ್ಕೆ ಲೋಕದಲ್ಲಿ ಉದಾಹರಣೆಗಳಿವೆ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ 1935ರಲ್ಲೇ ಗುಹಾರಕ್ಷಣೆಗೆಂದು ಸ್ವಯಂಸೇವಕರ ತಂಡ ಹುಟ್ಟಿಕೊಂಡಿತು. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಮಳೆನೀರಿನಿಂದ ಸಿಕ್ಕಿಬಿದ್ದ 12 ಹುಡುಗರು ಮತ್ತು ಅವರ ತರಬೇತುದಾರನನ್ನು ಪತ್ತೆಹಚ್ಚಿದ್ದು ಬ್ರಿಟನ್ನಿನ ಇಬ್ಬರು ಸ್ವಯಂಸೇವಕ ಮುಳುಗುಗಾರರು. 13 ಮಂದಿಯೂ ಬದುಕಿ ಬಂದರು. ಆದರೆ ಗುಹೆಯೊಳಗೆ ಗಾಳಿಯ ಸಿಲಿಂಡರ್ ಇಟ್ಟು ಬರಲು ಹೋದ ಥಾಯ್ ನೌಕಾಪಡೆಯ ಮಾಜಿ ಯೋಧ ಸಮನ್ ಕುನನ್ ಮರಳಲಿಲ್ಲ. ತರಬೇತಿ ಪಡೆದವರಿಗೇ ಹೀಗಾದರೆ ಪಂಚೆ ಮೇಲೆ ಕಟ್ಟಿ, ಬರೀ ಧೈರ್ಯ ನಂಬಿ ಇಳಿಯುವವರ ಗತಿಯೇನು?

ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ 2023ರ ನವೆಂಬರ್‌ನಲ್ಲಿ 41 ಕಾರ್ಮಿಕರು 17 ದಿನ ಸುರಂಗದಲ್ಲಿ ಸಿಕ್ಕಿಕೊಂಡಿದ್ದರು. ದೊಡ್ಡ ಯಂತ್ರ ಕೆಟ್ಟು ನಿಂತಾಗ ಕೊನೆಯ ಸುಮಾರು 12 ಮೀಟರ್ ಕೊರೆದು ದಾರಿ ಮಾಡಿದವರು ಕೈಯಲ್ಲೇ ಅಗೆಯುವ ಕೂಲಿಕಾರರು. ಅಂಥ ಕೈಗಳು ಕಾಸರಗೋಡಿನಲ್ಲೂ ಇವೆ. ಗುಡ್ಡದ ಮಣ್ಣು ಎಲ್ಲಿ ಗಟ್ಟಿ, ಎಲ್ಲಿ ಕುಸಿಯುತ್ತದೆ ಎಂದು ಪಿಕ್ಕಾಸಿನ ಸದ್ದಿನಲ್ಲೇ ಹೇಳಬಲ್ಲ ಸುರಂಗದ ಕೆಲಸಗಾರರು ವಯಸ್ಸಾಗುತ್ತಾ ಕಣ್ಮರೆಯಾಗುತ್ತಿದ್ದಾರೆ. ಅವರ ತಿಳಿವಳಿಕೆಯನ್ನು ಇಲಾಖೆಯ ಉಪಕರಣಗಳೊಂದಿಗೆ ಜೋಡಿಸುವ ಕೆಲಸ ಆಗಬೇಕಾಗಿದೆ.

ಕೇರಳದಲ್ಲಿ ಅಗ್ನಿಶಾಮಕ ಠಾಣೆಗಳ ಅಡಿಯಲ್ಲಿ ನಾಗರಿಕ ರಕ್ಷಣಾ ಸ್ವಯಂಸೇವಕರ ವ್ಯವಸ್ಥೆಯಿದೆ. ಗಡಿ ಪಂಚಾಯತುಗಳ ಯುವಕ ಮಂಡಲಗಳು, ಕುಟುಂಬಶ್ರೀ ಘಟಕಗಳು, ಭಜನಾ ಮಂದಿರಗಳ ತರುಣರು ಇದರಲ್ಲಿ ಸೇರಿಕೊಳ್ಳಬೇಕು. ಪಂಚಾಯತುಗಳು ತಮ್ಮ ವ್ಯಾಪ್ತಿಯ ಸುರಂಗ, ಪಾಳುಬಾವಿಗಳ ಪಟ್ಟಿ ಮಾಡಿ, ಅಪಾಯಕಾರಿಯಾದವುಗಳಿಗೆ ಬೇಲಿ ಹಾಕಿಸಬೇಕು. ಬಾವಿ ಕೆಲಸದವರಿಗೆ ಬೇಸಿಗೆಗೆ ಮೊದಲೇ ಒಂದು ದಿನದ ತರಬೇತಿ ಕೊಟ್ಟರೆ ಖರ್ಚೇನೂ ಹೆಚ್ಚಾಗದು.

ಈ ತರಬೇತಿ, ಕರಪತ್ರ, ಎಚ್ಚರಿಕೆ ಫಲಕಗಳು ಮಲಯಾಳದ ಜೊತೆ ಕನ್ನಡದಲ್ಲಿಯೂ ಇರಬೇಕು, ಮಾತು ತುಳುವಿನಲ್ಲೂ ನಡೆಯಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕು ಅರ್ಜಿ, ಆದೇಶಗಳಿಗೆ ಮಾತ್ರ ಸೀಮಿತವಲ್ಲ. ಬಾವಿಕಟ್ಟೆಯ ಮೇಲೆ ನಿಂತ ಬಾಯಾರಿನ ಅಜ್ಜಿಗೂ ಪೈವಳಿಕೆಯ ಶಾಲಾ ಹುಡುಗನಿಗೂ "ಇಳಿಯಬೇಡ, ಮೊದಲು ಫೋನು ಮಾಡು" ಎಂಬ ಮಾತು ಅವರದೇ ಭಾಷೆಯಲ್ಲಿ ತಲುಪಿದರೆ ಒಂದು ಮನೆಯಿಂದ ಎರಡು ಹೆಣ ಹೊರಡುವುದು ತಪ್ಪುತ್ತದೆ. ಸಂಬಂಧಪಟ್ಟವರು ಮುಂದಿನ ಬಾವಿ ಕೆಲಸದ ಕಾಲ ಬರುವ ಮುನ್ನವೇ ಎಚ್ಚೆತ್ತುಕೊಳ್ಳಲಿ.