ಚಕ್ರದ ಮೇಲಿನ ಸೂರಿಗೆ ಯಾಕೆ ಬೆಳಕಿಲ್ಲ?

ಮೊದಲು ಒಂದು ಮಾತು ಸ್ಪಷ್ಟಪಡಿಸಿ ಬಿಡೋಣ. ಕಾರಿನ ಅಥವಾ ವ್ಯಾನಿನ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿಕೊಂಡು, ಹೆಂಡತಿ ಮಕ್ಕಳೊಂದಿಗೆ ಕಾಡಂಚಿನಲ್ಲೋ ಕಡಲ ತೀರದಲ್ಲೋ ಎರಡು ರಾತ್ರಿ ತಂಗುವವರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಜನರೇಟರಿನ ಗದ್ದಲ, ಹೊಗೆಯೊಂದಿಗೆ ಪ್ರಕೃತಿಯನ್ನು ಸವಿಯಲು ಹೊರಡುವವರಿಗಿಂತ ಇವರು ಎಷ್ಟೋ ಮೇಲು. ನಮ್ಮ ತಕರಾರು ಇರುವುದು ಬೇರೆ ಕಡೆ. ಕರೆಂಟಿನ ಕಂಬವಿಲ್ಲದ ಕಡೆಗೆ ಬೆಳಕನ್ನು ಹೊತ್ತೊಯ್ಯುವ ಈ ಸಾಧನವನ್ನು ನಮ್ಮ ಮಾರುಕಟ್ಟೆ ರಜೆಯ ಆಟಿಕೆಯಾಗಿ ಮಾಡಿಟ್ಟಿದೆ. ನಮ್ಮ ಸರಕಾರಗಳು ಅದನ್ನು ಪ್ರವಾಸೋದ್ಯಮದ ಕಡತದೊಳಗೆ ತುರುಕಿವೆ. ವರ್ಷದ ಆರೇಳು ತಿಂಗಳು ನಿಜಕ್ಕೂ ಕಂಬವಿಲ್ಲದ ಕಡೆ ಮಲಗುವವರು ಮಾತ್ರ ಇಬ್ಬರ ಕಣ್ಣಿಗೂ ಬಿದ್ದಿಲ್ಲ.

ಜಾಹೀರಾತುಗಳನ್ನೇ ನೋಡಿ. ವ್ಯಾನಿನೊಳಗೆ ಎಸಿ, ಫ್ರಿಜ್, ಟಿವಿ, ಮೈಕ್ರೋವೇವ್, ಮೇಲೆ ಎರಡು ಪ್ಯಾನೆಲ್. 'ಸೂರ್ಯ ಇರುವ ತನಕ ಕರೆಂಟು ಉಚಿತ' ಎಂಬ ಧಾಟಿಯ ಮಾತು. ಇದು ನಿಜವೇ? ಲೆಕ್ಕ ಹಾಕಿ ನೋಡೋಣ, ಇದಕ್ಕೆ ಇಂಜಿನಿಯರ್ ಆಗಬೇಕಿಲ್ಲ.

ನೂರು ವ್ಯಾಟ್‌ನ ಒಂದು ಪ್ಯಾನೆಲ್ ನಮ್ಮ ನಾಡಿನ ಒಳ್ಳೆಯ ಬಿಸಿಲಲ್ಲಿ ದಿನಕ್ಕೆ ನಾಲ್ಕೂವರೆಯಿಂದ ಐದು ಗಂಟೆಯಷ್ಟು ಪೂರ್ಣ ಬಿಸಿಲನ್ನು ಪಡೆಯುತ್ತದೆ. ವಾಹನದ ಚಾವಣಿಯ ಮೇಲೆ ಅದು ಅಂಗಾತ ಮಲಗಿರುವುದರಿಂದ ಸೂರ್ಯನ ಕಡೆಗೆ ವಾಲುವುದಿಲ್ಲ. ತಗಡಿನ ಕಾವಿಗೆ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಪ್ಯಾನೆಲ್ ಕೊಡುವುದು ಕಡಿಮೆ. ಧೂಳು, ವಯರಿನ ನಷ್ಟ ಎಲ್ಲ ಕಳೆದರೆ ದಿನಕ್ಕೆ 300ರಿಂದ 350 ವ್ಯಾಟ್-ಅವರ್ ಕೈಗೆ ಸಿಕ್ಕಿದರೆ ಹೆಚ್ಚು. ಐದು ವ್ಯಾಟ್‌ನ ನಾಲ್ಕು ಎಲ್‌ಇಡಿ ದೀಪ ನಾಲ್ಕು ಗಂಟೆ ಉರಿದರೆ 80 ವ್ಯಾಟ್-ಅವರ್. ಮೂರು ಮೊಬೈಲ್ ಚಾರ್ಜಿಗೆ ಸುಮಾರು 45. ಹದಿನೈದು ವ್ಯಾಟ್‌ನ ಪುಟ್ಟ ಫ್ಯಾನು ಎಂಟು ಗಂಟೆ ತಿರುಗಿದರೆ 120. ಒಟ್ಟು 245. ಒಂದು ಕುಟುಂಬದ ರಾತ್ರಿಗೆ ಒಂದೇ ಪ್ಯಾನೆಲ್ ಸಾಕಾಗಿ ಸ್ವಲ್ಪ ಉಳಿಯುತ್ತದೆ ಕೂಡ. ಸಣ್ಣ ಫ್ರಿಜ್ ಬೇಕೆಂದರೆ ಇನ್ನೊಂದು ಪ್ಯಾನೆಲ್ ಸೇರಿಸಿದರಾಯಿತು.

ಇನ್ನು ಎಸಿ. ಒಂದು ಟನ್ ಎಸಿ ಓಡುವಾಗ ಸುಮಾರು ಸಾವಿರ ವ್ಯಾಟ್ ಎಳೆಯುತ್ತದೆ. ನಡುನಡುವೆ ಕಂಪ್ರೆಸರ್ ನಿಲ್ಲುತ್ತದೆ ಎಂದಿಟ್ಟುಕೊಂಡರೂ ಒಂದು ರಾತ್ರಿಗೆ ಐದು ಯೂನಿಟ್ ಬೇಕೇ ಬೇಕು. ಅಂದರೆ ನೂರು ವ್ಯಾಟ್‌ನ ಹದಿನೈದು ಪ್ಯಾನೆಲ್! ಒಂದೊಂದಕ್ಕೂ ಅರ್ಧ ಚದರ ಮೀಟರಿಗಿಂತ ಹೆಚ್ಚು ಜಾಗ ಬೇಕು. ಸಣ್ಣ ವ್ಯಾನಿನ ಚಾವಣಿ ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಎಲ್ಲಿಡುತ್ತೀರಿ? ಎರಡು ಪ್ಯಾನೆಲ್ ಕೂರಿಸಿ ಎಸಿಯ ಆಸೆ ತೋರಿಸಿದರೆ ಕೊನೆಗೆ ಆಗುವುದೇನು? ನಡುರಾತ್ರಿ ಬ್ಯಾಟರಿ ಬರಿದಾಗಿ, ಇಂಜಿನ್ ಚಾಲೂ ಮಾಡಿ, ಡೀಸೆಲ್ ಸುಟ್ಟು ಮಲಗುವುದು. ಸೂರ್ಯ ಜಾಹೀರಾತಿನಲ್ಲೇ ಉಳಿಯುತ್ತಾನೆ.

ಮಾರುವವರು ಹೇಳದ ಇನ್ನೂ ಕೆಲವು ಸಂಗತಿಗಳಿವೆ. ವಾಹನ ಸ್ಟಾರ್ಟ್ ಮಾಡುವ ಬ್ಯಾಟರಿ ಒಂದು ಕ್ಷಣ ಜೋರಾಗಿ ಕರೆಂಟು ಕೊಡಲು ಮಾಡಿದ್ದು. ರಾತ್ರಿಯಿಡೀ ನಿಧಾನವಾಗಿ ಹಿಂಡಿದರೆ ಬೇಗ ಸಾಯುತ್ತದೆ. ದೀಪ, ಫ್ಯಾನಿಗೆ ಬೇರೆಯೇ ಬ್ಯಾಟರಿ ಇರಬೇಕು. ಸೀಸದ ಬ್ಯಾಟರಿಯಾದರೆ ಅದರಲ್ಲಿರುವುದರ ಅರ್ಧವನ್ನಷ್ಟೇ ಬಳಸಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಧೈರ್ಯವಾಗಿ ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. ಆದರೆ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಿದರೆ ಕೆಡುತ್ತದೆ. ಇದನ್ನು ಲಡಾಖಿಗೆ ಹೊರಟವನಿಗೆ ಅಂಗಡಿಯಲ್ಲೇ ಹೇಳಬೇಡವೇ? ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಅದಕ್ಕೆ ಮೊದಲು ಬ್ಯಾಟರಿಯ ವಯರ್ ಜೋಡಿಸಬೇಕು, ಆಮೇಲೆ ಪ್ಯಾನೆಲ್‌ನದ್ದು. ಎಲ್ಲಕ್ಕಿಂತ ಮುಖ್ಯ, ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಫ್ಯೂಸ್. ಹನ್ನೆರಡು ವೋಲ್ಟ್ ಅಲ್ಲವೇ, ಶಾಕ್ ಹೊಡೆಯುವುದಿಲ್ಲ ಎಂದು ಹಗುರವಾಗಿ ಮಾತಾಡುವವರಿದ್ದಾರೆ. ಶಾಕ್ ಹೊಡೆಯದು, ನಿಜ. ಆದರೆ ಅಷ್ಟು ಕಡಿಮೆ ವೋಲ್ಟಿನಲ್ಲಿ ಸಾವಿರ ವ್ಯಾಟ್ ಎಳೆದರೆ ವಯರಿನಲ್ಲಿ ಎಂಬತ್ತು ಆಂಪಿಯರಿಗಿಂತ ಹೆಚ್ಚು ಹರಿಯುತ್ತದೆ. ತೆಳ್ಳಗಿನ ವಯರ್ ಕಾದು ಬೆಂಕಿಯಾಗುತ್ತದೆ, ಅದೂ ಜನ ಒಳಗೆ ಮಲಗಿರುವಾಗ.

ಇನ್ನೊಂದು ತಮಾಷೆಯ ಪೇಚು. ಬಿಸಿಲಿಗೆ ವಾಹನ ಕಾಯದಿರಲಿ ಎಂದು ಎಲ್ಲರೂ ಮರದಡಿ ನಿಲ್ಲಿಸುತ್ತಾರೆ. ಪ್ಯಾನೆಲ್ ಕೂಡ ಮರದಡಿ! ಒಂದು ಕೊಂಬೆಯ ನೆರಳು ಪ್ಯಾನೆಲ್‌ನ ಒಂದು ಮೂಲೆಯ ಮೇಲೆ ಬಿದ್ದರೂ ಇಡೀ ಪ್ಯಾನೆಲ್ ಕೊಡುವುದು ಬಹುಪಾಲು ಕುಸಿಯುತ್ತದೆ. ಮಡಚುವ ಪ್ಯಾನೆಲ್ ಕೊಂಡು, ಉದ್ದದ ವಯರ್ ಎಳೆದು, ಗಾಡಿ ನೆರಳಲ್ಲಿ ಪ್ಯಾನೆಲ್ ಬಿಸಿಲಲ್ಲಿ ಎಂದು ಇಡುವುದೇ ಜಾಣತನ. ಚಾವಣಿಗೆ ತೂತು ಕೊರೆಯುವ, ಮಳೆಗಾಲದಲ್ಲಿ ಸೋರುವ ಗೊಡವೆಯೂ ತಪ್ಪುತ್ತದೆ.

ಇಷ್ಟೆಲ್ಲ ಹೇಳಿದ್ದು ರಜೆಯ ಪ್ರಯಾಣಿಕರಿಗೆ ಬುದ್ಧಿ ಹೇಳಲು ಮಾತ್ರವಲ್ಲ. ಈ ಲೆಕ್ಕದಿಂದ ಹೊರಬರುವ ಸತ್ಯ ಬೇರೆಯೇ ಇದೆ. ಬೇಕು ಎಂಬುದು ಸಣ್ಣದಾಗಿದ್ದಲ್ಲಿ ಈ ಸಾಧನ ಅದ್ಭುತವಾಗಿ ಕೆಲಸ ಮಾಡುತ್ತದೆ, ದೊಡ್ಡದಾಗಿದ್ದಲ್ಲಿ ಸೋಲುತ್ತದೆ. ಹಾಗಾದರೆ ನಾಲ್ಕು ದೀಪ, ಎರಡು ಮೊಬೈಲು, ಒಂದು ಫ್ಯಾನು ಸಿಕ್ಕಿದರೆ ಬದುಕೇ ಬದಲಾಗುವ ಜನ ಯಾರು?

ಉತ್ತರ ಕರ್ನಾಟಕದ ಕಬ್ಬಿನ ಸೀಮೆಗೆ ಹೋಗಿ ನೋಡಿ. ಹಂಗಾಮು ಶುರುವಾದೊಡನೆ ಮಹಾರಾಷ್ಟ್ರದ ಬೀಡ್ ಮೊದಲಾದ ಜಿಲ್ಲೆಗಳಿಂದ, ನಮ್ಮದೇ ಬರದ ತಾಲೂಕುಗಳಿಂದ ಕಟಾವಿನ ಗ್ಯಾಂಗುಗಳು ಬಂದಿಳಿಯುತ್ತವೆ. ಟ್ರ್ಯಾಕ್ಟರ್ ಟ್ರೇಲರಿನಲ್ಲೋ ಎತ್ತಿನ ಗಾಡಿಯಲ್ಲೋ ಪಾತ್ರೆ ಪಗಡ, ಮಕ್ಕಳು ಮರಿ ಎಲ್ಲ. ಹೊಲದ ಅಂಚಿನಲ್ಲಿ ತಾಡಪಾಲಿನ ಜೋಪಡಿ ಹಾಕಿ ತಿಂಗಳುಗಟ್ಟಲೆ ಉಳಿಯುತ್ತಾರೆ. ಸೂರ್ಯ ಮೂಡುವ ಮೊದಲೇ ಹೆಂಗಸರು ಎದ್ದು, ಕತ್ತಲಲ್ಲೇ ಬಹಿರ್ದೆಸೆಗೆ ಹೋಗಿ, ಒಲೆ ಹಚ್ಚಿ, ರೊಟ್ಟಿ ತಟ್ಟಿ, ಕುಡುಗೋಲು ಹಿಡಿದು ಹೊಲಕ್ಕಿಳಿಯಬೇಕು. ಕಬ್ಬಿನ ಗದ್ದೆ ಇಲಿಗಳ ತವರು. ಇಲಿ ಇದ್ದಲ್ಲಿ ಹಾವು. ನಮ್ಮ ದೇಶದಲ್ಲಿ 2000ದಿಂದ 2019ರ ನಡುವೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ, ವರ್ಷಕ್ಕೆ 58 ಸಾವಿರ. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಒಳ್ಳೆಯದೇ. ಆದರೆ ಕಚ್ಚಿದ ಮೇಲೆ ವರದಿ ಬರೆಯುವ ಸರಕಾರ, ಕಚ್ಚುವ ಮೊದಲು ಜೋಪಡಿಯ ಬಾಗಿಲಲ್ಲಿ ಐದು ವ್ಯಾಟ್‌ನ ದೀಪ ಉರಿಯಲಿ ಎಂದು ಯೋಚಿಸಬಾರದೇ?

ಕುರಿಗಾಹಿಗಳ ಕತೆಯೂ ಬೇರೆಯಲ್ಲ. ಮೇವು ಅರಸಿ ಮಂದೆಯೊಂದಿಗೆ ಜಿಲ್ಲೆಯಿಂದ ಜಿಲ್ಲೆಗೆ ನಡೆಯುವ ಕುರುಬರು ಹೊಲದಲ್ಲೇ ತಂಗುತ್ತಾರೆ. ಕುದುರೆಯ ಬೆನ್ನ ಮೇಲಿದ್ದ ಸಾಮಾನು ಈಗ ಎಷ್ಟೋ ಕಡೆ ಸಣ್ಣ ಗೂಡ್ಸ್ ಗಾಡಿಗೆ ಏರಿದೆ. ತೋಳ, ಕಳ್ಳರ ಭಯದಲ್ಲಿ ರಾತ್ರಿಯಿಡೀ ಟಾರ್ಚ್ ಹಿಡಿದು ಕೂರಬೇಕು. ಮೊಬೈಲ್ ಚಾರ್ಜಿಗೆ ಹತ್ತಿರದ ಊರಿನ ಅಂಗಡಿಯವನ ಕೈಕಾಲು ಹಿಡಿಯಬೇಕು. ಆ ಗೂಡ್ಸ್ ಗಾಡಿಯ ಮೇಲೊಂದು ಪ್ಯಾನೆಲ್ ಇಟ್ಟರೆ ಅದೇ ನಿಜವಾದ ಕ್ಯಾರವಾನ್ ಅಲ್ಲವೇ?

ಆದರೆ ನಮ್ಮ ಯೋಜನೆಗಳ ಭಾಷೆಯೇ ಬೇರೆ. 2024ರಲ್ಲಿ ಕೇಂದ್ರ ಸರಕಾರ 75,021 ಕೋಟಿ ರೂಪಾಯಿಯ ಪಿಎಂ ಸೂರ್ಯಘರ್ ಯೋಜನೆ ತಂದಿತು. ಮನೆಯ ಚಾವಣಿಗೆ ಸೋಲಾರ್ ಹಾಕಿಸಿಕೊಂಡರೆ 78 ಸಾವಿರ ರೂಪಾಯಿ ತನಕ ಸಹಾಯಧನ. ಷರತ್ತು ಏನು? ಸ್ವಂತ ಮನೆ ಇರಬೇಕು, ಅದಕ್ಕೆ ಗಟ್ಟಿ ಚಾವಣಿ ಇರಬೇಕು, ಈಗಾಗಲೇ ಕರೆಂಟಿನ ಸಂಪರ್ಕ ಇರಬೇಕು. ಕರೆಂಟು ಇದ್ದವನಿಗೆ ಇನ್ನಷ್ಟು ಕರೆಂಟು! 2023ರಲ್ಲಿ ನಮ್ಮ ರಾಜ್ಯ ಸರಕಾರ ತಂದ ಗೃಹಜ್ಯೋತಿಯನ್ನು ನಾವು ಮನಸಾರೆ ಮೆಚ್ಚಿದ್ದೇವೆ. ಆದರೆ ಅದೂ ಮೀಟರಿಗೆ ಅಂಟಿಕೊಂಡದ್ದು. ಊರಲ್ಲಿರುವ ಕುರಿಗಾಹಿಯ ಮನೆಯ ಮೀಟರಿಗೆ ಬಿಲ್ಲು ಸೊನ್ನೆ. ಅವನು ಮಲಗಿರುವುದು ನೂರು ಮೈಲು ದೂರದ ಹೊಲದಲ್ಲಿ, ಕತ್ತಲಲ್ಲಿ.

ಚಕ್ರದ ಮೇಲಿನ ಮನೆ ಸರಕಾರದ ಕಣ್ಣಿಗೆ ಕಾಣುವುದೇ ಇಲ್ಲವೆಂದಲ್ಲ. ನೆರೆಯ ಕೇರಳ 2021ರಲ್ಲಿ 'ಕೆರವಾನ್ ಕೇರಳ' ಎಂಬ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನೇ ತಂದಿತು, ಕ್ಯಾರವಾನ್ ಕೊಳ್ಳುವ ಹೂಡಿಕೆದಾರರಿಗೆ ಸಹಾಯಧನವನ್ನೂ ಘೋಷಿಸಿತು. ಅಂದರೆ ಚಕ್ರದ ಮೇಲೆ ಮಲಗುವವನು ಪ್ರವಾಸಿಯಾದರೆ ಅವನಿಗೆ ನೀತಿ ಇದೆ. ಕೂಲಿಯಾದರೆ?

ಬಡವರ ಕೈಗೆ ಕೊಟ್ಟರೆ ಮಾರಿಕೊಳ್ಳುತ್ತಾರೆ, ಹಾಳು ಮಾಡುತ್ತಾರೆ ಎಂಬ ಮಾತು ಇಂತಹ ಸಂದರ್ಭದಲ್ಲಿ ತಪ್ಪದೆ ಕೇಳಿಬರುತ್ತದೆ. ಹಾಗೆನ್ನುವವರು ಮಂಗೋಲಿಯಾದ ಕಡೆ ನೋಡಲಿ. ಅಲ್ಲಿನ ಪಶುಪಾಲಕರು 'ಗೆರ್' ಎಂಬ ಗುಂಡಗಿನ ಡೇರೆಯಲ್ಲಿ ಬಾಳುತ್ತಾರೆ, ಹುಲ್ಲು ಮುಗಿದಾಗ ಡೇರೆಯನ್ನೇ ಬಿಚ್ಚಿ ಗಾಡಿಗೇರಿಸಿ ಹೊರಡುತ್ತಾರೆ. ಆ ಸರಕಾರ 2000ದ ಹೊತ್ತಿಗೆ ಒಂದು ಲಕ್ಷ ಡೇರೆಗಳಿಗೆ ಸೋಲಾರ್ ಕೊಡುವ ಯೋಜನೆ ಹಾಕಿತು. ಬೆಲೆಯ ಒಂದು ಭಾಗ ಸಹಾಯಧನ, ಉಳಿದದ್ದು ಪಶುಪಾಲಕರೇ ಕೊಡಬೇಕು. ಬಿಚ್ಚಿ ಕಟ್ಟಿಕೊಂಡು ಹೋಗಬಲ್ಲ ಸಣ್ಣ ಪ್ಯಾನೆಲ್‌ಗಳು. ವಿಶ್ವಬ್ಯಾಂಕಿನ ನೆರವೂ ಸೇರಿ, ಹಳ್ಳಿಗಾಡಿನಲ್ಲಿ ಮಾರಾಟ ಮತ್ತು ರಿಪೇರಿ ಕೇಂದ್ರಗಳ ಜಾಲ ಬೆಳೆದು, 2012ರ ಹೊತ್ತಿಗೆ ಒಂದು ಲಕ್ಷದ ಗುರಿ ಮುಟ್ಟಿತು. ಅಲೆಮಾರಿಯನ್ನು 'ಮೊದಲು ಮನೆ ಕಟ್ಟು, ಆಮೇಲೆ ಬಾ' ಎಂದು ಆ ಸರಕಾರ ಹೇಳಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನಲ್ಲೇ 1995ರಲ್ಲಿ ಶುರುವಾದ ಸೆಲ್ಕೋ ಸಂಸ್ಥೆ ತಳ್ಳುಗಾಡಿಯ ವ್ಯಾಪಾರಿಗಳಿಗೂ ಸೋಲಾರ್ ದೀಪ ಒದಗಿಸಿ ತೋರಿಸಿದೆ. ಅದರ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಿಂಗಳಿಗೆ ಮುನ್ನೂರು ಒಮ್ಮೆಗೇ ಕಟ್ಟಲಾಗದವರು ದಿನಕ್ಕೆ ಹತ್ತು ರೂಪಾಯಿ ಕಟ್ಟಬಲ್ಲರು ಎಂಬುದು ಅವರು ವ್ಯಾಪಾರಿಗಳಿಂದಲೇ ಕಲಿತ ಪಾಠ. ತಳ್ಳುಗಾಡಿಗೆ ಆದದ್ದು ಟ್ರೇಲರಿಗೆ ಯಾಕೆ ಆಗಬಾರದು?

ನಮ್ಮ ಒತ್ತಾಯ ಇಷ್ಟೇ. ಸಹಾಯಧನದ ಅರ್ಜಿಯಲ್ಲಿ 'ಮನೆಯ ಚಾವಣಿ' ಎಂದಿರುವಲ್ಲಿ ವಾಹನ ಮತ್ತು ಬಿಡಾರಕ್ಕೂ ಜಾಗ ಇರಲಿ. ಐವತ್ತರಿಂದ ನೂರು ವ್ಯಾಟ್‌ನ ಮಡಚುವ ಪ್ಯಾನೆಲ್, ಲಿಥಿಯಂ ಬ್ಯಾಟರಿ, ಫ್ಯೂಸ್ ಸಹಿತ ಕಂಟ್ರೋಲರ್, ನಾಲ್ಕು ದೀಪ ಇರುವ ಒಂದು ಪೆಟ್ಟಿಗೆ ಸಾಕು. 78 ಸಾವಿರದ ಒಂದು ಪಾಲಿನಲ್ಲಿ ಅದು ಮುಗಿಯುತ್ತದೆ. ಬ್ಯಾಂಕುಗಳು ಅದಕ್ಕೆ ಸಾಲ ಕೊಡುವಾಗ ಜಮೀನಿನ ಪಹಣಿ ಕೇಳದಿರಲಿ. ಸಕ್ಕರೆ ಕಾರ್ಖಾನೆಗಳು ಹಂಗಾಮಿಗೆ ತಿಂಗಳುಗಳ ಮೊದಲೇ ಮುಕಾದಮರ ಮೂಲಕ ಗ್ಯಾಂಗುಗಳಿಗೆ ಮುಂಗಡ ಹಂಚುತ್ತವೆ. ಆ ಮುಂಗಡದೊಂದಿಗೆ ಜೋಡಿಗೊಂದರಂತೆ ಈ ಪೆಟ್ಟಿಗೆಯೂ ಹೋಗಲಿ, ಆದರೆ ಅದರ ಬೆಲೆಯನ್ನು ಕೂಲಿಯಿಂದ ಮುರಿದುಕೊಳ್ಳುವ ಹಾಗಿಲ್ಲ ಎಂದು ಕಾರ್ಮಿಕ ಇಲಾಖೆ ಬರೆಸಿಕೊಳ್ಳಲಿ. ಕಬ್ಬು ಅರೆಯುವ ಕಾರ್ಖಾನೆಗಳು ಸಿಪ್ಪೆ ಸುಟ್ಟು ಕರೆಂಟು ಮಾಡಿ ಸರಕಾರಕ್ಕೇ ಮಾರುತ್ತಿವೆ. ಆ ಕಬ್ಬನ್ನು ಕಡಿದುಕೊಟ್ಟವರ ಜೋಪಡಿಗೆ ನಾಲ್ಕು ದೀಪ ಕೊಡಲು ಅವುಗಳಿಗೆ ಕಷ್ಟವೇನೂ ಇಲ್ಲ.